ಹಳೆಯ ಮೋಟಾರಿನ ಗೇರುಪೆಟ್ಟಿಗೆ

ಮೂವತ್ತೈದು ವರ್ಷಕಾಲ ಮಕ್ಕಳಿಗೆ ಸಂಸ್ಕೃತದ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ ನಿವೃತ್ತರಾದ ನಾವು ಮೋಟಾರುಗಾಡಿಯ ಕೆಳಗೆ ಅಂಗಾತ ಮಲಗಿ ಮುಖದ ಮೇಲೆ ಎಣ್ಣೆ ಬೀಳಿಸಿಕೊಂಡೆವೆಂದರೆ ವಾಚಕರು ನಕ್ಕಾರು. ನಗಲಿ, ನಮ್ಮ ಮನೆಯವರೂ ನಕ್ಕರು. ಆದರೂ ಆ ಕೆಲಸದಿಂದ ನಮಗೆ ತಿಳಿದುಬಂದ ಸಂಗತಿಗಳಲ್ಲಿ ಕೆಲವು ಗೃಹಸ್ಥರಿಗೆ ಉಪಯುಕ್ತವಾದಾವೆಂದೂ, ಒಂದನ್ನು ಬರೆದು ಒಪ್ಪಿಕೊಳ್ಳದಿದ್ದರೆ ನಮಗೇ ಸಮಾಧಾನವಿರಲಾರದೆಂದೂ ತೋರಿದುದರಿಂದ ಈ ಲೇಖನವನ್ನು ಬರೆಯಲುದ್ಯುಕ್ತರಾಗಿದ್ದೇವೆ.

ಕಳೆದ ವರ್ಷ ನಮ್ಮ ಮಗಳ ಎರಡನೆಯ ಬಾಣಂತನಕ್ಕೆಂದು ನಾವಿಬ್ಬರೂ ಅಮೆರಿಕದ ಮಿಷಿಗನ್ ಪ್ರಾಂತಕ್ಕೆ ಹೋಗಿದ್ದೆವು. ಮನೆಯವರಿಗೆ ಕೂಸು, ಖಾರದಪುಡಿ, ಎಣ್ಣೆನೀರುಗಳ ಕೆಲಸ ಕೈತುಂಬ ಇದ್ದಿತು. ನಮಗೆ ಮಾತ್ರ ಕಿಟಕಿಯ ಬಳಿ ಕುಳಿತು ಮೇಪಲ್ ಮರಗಳನ್ನು ನೋಡುವುದರ ಹೊರತು ಬೇರೆ ಉದ್ಯೋಗವಿರಲಿಲ್ಲ. ಅಳಿಯಂದಿರು ಮಿತಭಾಷಿಗಳು. ಅವರೂ ನಾವೂ ಎದುರುಬದುರು ಕುಳಿತರೆ ಹವೆಯ ವಿಚಾರ ಮುಗಿದ ಮೇಲೆ ಮುಂದಿನ ಮಾತೇ ಹುಟ್ಟುತ್ತಿರಲಿಲ್ಲ.

ಅವರ ಮನೆಯ ಮೋಟಾರು ಕೊಟ್ಟಿಗೆಯಲ್ಲಿ ೧೯೬೬ನೆಯ ಇಸವಿಯ ಫೋರ್ಡ್ ಮಸ್ಟಾಂಗ್ ಗಾಡಿಯೊಂದಿದ್ದಿತು. ೧೯೬೪ನೆಯ ಏಪ್ರಿಲ್ ೧೭ರಂದು ನ್ಯೂಯಾರ್ಕಿನ ವಿಶ್ವಪ್ರದರ್ಶನದಲ್ಲಿ ಮೊದಲು ಜನರ ಕಣ್ಣಿಗೆ ಬಿದ್ದ ವಂಶ ಅದು. ಗಾಡಿಯ ಮೇಲೆ ಕೆತ್ತಿದ್ದ ಸಂಖ್ಯೆ ‘೬’ ಎಂದು ಆರಂಭವಾಗಿ ಅದರ ಮುಂದೆ ‘ಎಫ್’ ಎಂಬ ಅಕ್ಷರವಿದ್ದಿತು. ಮೊದಲನೆಯದು ವರ್ಷದ ಗುರುತು, ಎರಡನೆಯದು ಡಿಯರ್‌ಬಾರ್ನ್ ಕಾರ್ಖಾನೆಯ ಗುರುತು ಎಂದು ಅಳಿಯಂದಿರು ಹೇಳಿದರು. ಡಿಯರ್‌ಬಾರ್ನ್ ಅವರ ಮನೆಯಿಂದ ಅರ್ಧ ಗಂಟೆಯ ದಾರಿ. ತವರೂರಿನ ಹತ್ತಿರವೇ ಇದ್ದರೂ ಗಾಡಿಗೆ ಕಾಯಿಲೆ ಹಿಡಿದಿದ್ದಿತು. “ಮಾವ, ಇದು ಎರಡರಿಂದ ಮೂರಕ್ಕೆ ಹೋಗುವಾಗ ಜಾರುತ್ತೆ. ಹಿಂದಕ್ಕೆ ಬಿಟ್ಟರೂ ಜಾರುತ್ತೆ. ರಿಪೇರಿ ಅಂಗಡಿಯವರು ಕೇಳೋ ಕೂಲಿ ನೋಡಿದರೆ ನಾನೇ ಬಿಚ್ಚೋಣ ಅನ್ನಿಸಿದೆ. ನೀವು ಪುಸ್ತಕ ಓದಿ ಹೇಳ್ತೀರಾ?” ಎಂದು ಒಂದು ದಿನ ಕೇಳಿದರು. ನಾವು ಒಪ್ಪಿದೆವು.

ನಮ್ಮ ನಾಡಿನ ಹಳೆಯ ಅಂಬಾಸಿಡರ್ ಗಾಡಿಗಳಲ್ಲಿ ಚಾಲಕನು ಕ್ಲಚ್ಚನ್ನು ಕಾಲಿನಿಂದ ಒತ್ತಿ, ಗೇರನ್ನು ಕೈಯಿಂದ ಬದಲಾಯಿಸಬೇಕಾಗಿದ್ದಿತಷ್ಟೆ. ಈ ಗಾಡಿಯಲ್ಲಿ ಆ ಕೆಲಸವನ್ನು ಗೇರುಪೆಟ್ಟಿಗೆಯೇ ತಾನಾಗಿ ಮಾಡಿಕೊಳ್ಳುವುದು. ಈ ಉಪಾಯವು ಒಬ್ಬರ ಬುದ್ಧಿಯಿಂದ ಒಂದೇ ದಿನ ಹುಟ್ಟಿದುದಲ್ಲ. ಜರ್ಮನಿಯ ಹೆರ್ಮನ್ ಫ್ಯೋಟಿಂಗರ್ ಎಂಬಾತನು ದ್ರವದ ಮೂಲಕ ಶಕ್ತಿಯನ್ನು ಸಾಗಿಸುವ ಯಂತ್ರಕ್ಕೆ ೧೯೦೫ರಲ್ಲಿ ಪೇಟೆಂಟು ಪಡೆದುದು ಹಡಗುಗಳ ಉಪಯೋಗಕ್ಕಾಗಿ. ೧೯೦೮ರಿಂದ ೧೯೨೭ರ ವರೆಗೆ ತಯಾರಾದ ಫೋರ್ಡ್ ‘ಟಿ’ ಮಾದರಿಯ ಗಾಡಿಯಲ್ಲಿ ಗ್ರಹಚಕ್ರಗಳಿದ್ದರೂ ಅವುಗಳ ಪಟ್ಟಿಗಳನ್ನು ಚಾಲಕನೇ ಕಾಲಿನಿಂದ ಬಿಗಿಯಬೇಕಾಗಿದ್ದಿತು. ಎರಡೂ ಕೂಡಿ, ಜನಸಾಮಾನ್ಯರು ಕೊಳ್ಳುವ ಗಾಡಿಯಲ್ಲಿ ಪೂರ್ಣವಾಗಿ ಸ್ವಯಂಚಾಲಿತವಾದ ಗೇರುಪೆಟ್ಟಿಗೆ ಬಂದುದು ಜನರಲ್ ಮೋಟಾರ್ಸ್ ಕಂಪೆನಿಯ ೧೯೪೦ನೆಯ ಮಾದರಿಯ ಓಲ್ಡ್ಸ್‌ಮೊಬೀಲ್ ಗಾಡಿಗಳಲ್ಲಿ. ನಮ್ಮ ಮುಂದಿದ್ದುದು ಫೋರ್ಡ್ ಕಂಪೆನಿಯವರು ೧೯೬೪ರಲ್ಲಿ ಹೊರತಂದ ‘ಸಿ-ಫೋರ್’ ಎಂಬ ಮೂರು ವೇಗಗಳ ಪೆಟ್ಟಿಗೆ.

ಇದರ ಮರ್ಮವನ್ನು ಸ್ಥೂಲವಾಗಿ ಹೇಳುವೆವು. ಅಗಲವಾದ ಪಾತ್ರೆಯಲ್ಲಿ ಮಜ್ಜಿಗೆಯನ್ನು ರಭಸದಿಂದ ತಿರುವಿದರೆ ಅದರಲ್ಲಿ ಬಿದ್ದ ಕರಿಬೇವಿನ ಎಲೆಯೂ ಸುತ್ತುವುದಷ್ಟೆ. ಕಡೆಗೋಲು ಎಲೆಯನ್ನು ಮುಟ್ಟಿಯೇ ಇಲ್ಲ. ಅದರಂತೆಯೇ ಇಂಜಿನ್ನಿಗೆ ಕಟ್ಟಿದ ರೆಕ್ಕೆಚಕ್ರವು ಎಣ್ಣೆಯನ್ನು ತಿರುವಿದರೆ ಎದುರಿನ ಇನ್ನೊಂದು ರೆಕ್ಕೆಚಕ್ರವು ತಿರುಗುವುದು. ನಡುವೆ ಇರುವ ಮೂರನೆಯ ಚಕ್ರವು ಹಿಂದಿರುಗುವ ಎಣ್ಣೆಯ ದಿಕ್ಕನ್ನು ತಿದ್ದಿ ಬಲವನ್ನು ಹೆಚ್ಚಿಸುವುದು. ಇದಕ್ಕೆ ಟಾರ್ಕ್ ಕನ್ವರ್ಟರ್ ಎಂದು ಹೆಸರು. ಇದರ ಹಿಂದೆ ಗ್ರಹಚಕ್ರಗಳಿವೆ. ನಡುವೆ ಸೂರ್ಯನೆಂಬ ಹಲ್ಲುಗಾಲಿ, ಅದರ ಸುತ್ತ ಗ್ರಹಗಳೆಂಬ ಚಿಕ್ಕ ಗಾಲಿಗಳು, ಹೊರಗೆ ಎಲ್ಲವನ್ನೂ ಬಳಸಿದ ಬಳೆಯಂಥ ಗಾಲಿ. ಮೂರರಲ್ಲಿ ಒಂದನ್ನು ಹಿಡಿದು ನಿಲ್ಲಿಸಿ ಮತ್ತೊಂದನ್ನು ತಿರುಗಿಸಿದರೆ ಉಳಿದುದು ಬೇರೆ ವೇಗದಲ್ಲಿ ತಿರುಗುವುದು. ಸರಿಯಾದುದನ್ನು ಹಿಡಿದರೆ ಹಿಮ್ಮುಖವಾಗಿಯೂ ತಿರುಗುವುದು. ಎರಡನ್ನು ಒಂದಕ್ಕೊಂದು ಬಂಧಿಸಿದರೆ ಎಲ್ಲವೂ ಏಕವಾಗಿ ತಿರುಗುವುದು. ಹೀಗೆ ಹಿಡಿಯುವ ಕೈಗಳೇ ಬ್ಯಾಂಡುಗಳೆಂಬ ಉಕ್ಕಿನ ಪಟ್ಟಿಗಳೂ ಕ್ಲಚ್ಚುಗಳೂ. ಎರಡು ಗ್ರಹಮಂಡಲಗಳಿಗೆ ಒಬ್ಬನೇ ಸೂರ್ಯನಿರುವಂತೆ ಜೋಡಿಸುವ ಉಪಾಯವನ್ನು ಕಂಡವನು ಹೋವರ್ಡ್ ಸಿಂಪ್ಸನ್ ಎಂಬ ಅಮೆರಿಕದ ಎಂಜಿನಿಯರು. ಅದರಿಂದ ಈ ಪೆಟ್ಟಿಗೆಯ ಮೊದಲನೆಯ ಗೇರಿನಲ್ಲಿ ಇಂಜಿನ್ನಿನ ಕಡೆಯಿಂದ ೨.೪೬ ಸುತ್ತು ಬಂದರೆ ಹೊರಗೆ ಒಂದು ಸುತ್ತು, ಎರಡನೆಯದರಲ್ಲಿ ೧.೪೬, ಮೂರನೆಯದರಲ್ಲಿ ಸರಿಸಮ.

ಬಿಚ್ಚುವುದಕ್ಕೆ ಮುಂಚೆ ರೋಗವೆಲ್ಲಿದೆಯೆಂದು ಊಹಿಸಬೇಕಾಯಿತು. ಇಲ್ಲಿ ನಮ್ಮ ಹಳೆಯ ತರ್ಕಪಾಠ ಒದಗಿತು. ಯಾವ ಗೇರಿನಲ್ಲಿ ಯಾವ ಯಾವ ಕೈಗಳು ಹಿಡಿಯುತ್ತವೆಂಬ ಕೋಷ್ಟಕವು ಪುಸ್ತಕದಲ್ಲಿದ್ದಿತು. ಮುಂದಕ್ಕೆ ಹೋಗುವ ಮೂರು ಗೇರುಗಳಲ್ಲಿಯೂ ಮುನ್ನಡೆಯ ಕ್ಲಚ್ಚು ಉಂಟು. ಒಂದೂ ಎರಡೂ ಚೆನ್ನಾಗಿರುವುದರಿಂದ ಅದು ನಿರ್ದೋಷಿ. ಹಿನ್ನಡೆಯಲ್ಲಿ ಹಿಡಿಯುವ ಬ್ಯಾಂಡೇ ‘ಎಲ್’ ಎಂಬ ಸ್ಥಾನದ ಮೊದಲನೆಯ ಗೇರಿನಲ್ಲಿಯೂ ಹಿಡಿಯುವುದು. ಅಲ್ಲಿ ಜಾರಲಿಲ್ಲವಾದಕಾರಣ ಅದೂ ನಿರ್ದೋಷಿ. ಮೂರನೆಯ ಗೇರು, ಹಿನ್ನಡೆ ಈ ಎರಡರಲ್ಲಿ ಮಾತ್ರ ಇದ್ದು ಉಳಿದುವುಗಳಲ್ಲಿ ಇಲ್ಲದ ಅಂಗ ಒಂದೇ ಒಂದು: ಮುಂಭಾಗದ ಕ್ಲಚ್ಚು. ಅದಿದ್ದಲ್ಲಿ ದೋಷವಿದೆ, ಅದಿಲ್ಲದಲ್ಲಿ ದೋಷವಿಲ್ಲ. ಅನ್ವಯವ್ಯತಿರೇಕವೆಂದು ನಾವು ಹಲಗೆಯ ಮೇಲೆ ಎಷ್ಟೋ ಸಲ ಬರೆದದ್ದು ಇದನ್ನೇ. ಅಳಿಯಂದಿರು ನಮ್ಮನ್ನು ಸ್ವಲ್ಪ ಹೊತ್ತು ನೋಡಿ, “ಸರಿಯಾಗಿದೆ, ಮಾವ” ಎಂದರು. ಆ ಕ್ಷಣದಿಂದ ನಮ್ಮಿಬ್ಬರಿಗೂ ಮಾತಿನ ಬರ ನೀಗಿತು.

ಶನಿವಾರ ಕೆಲಸ ಆರಂಭವಾಯಿತು. ಗಾಡಿಯ ಭಾರವನ್ನು ಜಾಕಿನ ಮೇಲೆ ಬಿಟ್ಟು ಕೆಳಗೆ ಹೋಗಲೇಕೂಡದು. ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ಇಳಿಸಿ, ಅಲ್ಲಾಡಿಸಿ ನೋಡಿದ ಮೇಲೆಯೇ ಹೋಗತಕ್ಕದ್ದು. ಎಣ್ಣೆಯನ್ನು ಬಸಿದಾಗ ಕೆಂಪಾಗಿರಬೇಕಾದುದು ಕಂದುಬಣ್ಣಕ್ಕೆ ತಿರುಗಿ ಸೀದ ವಾಸನೆ ಬಂದಿತು. ಸುಮಾರು ೫೦ ಕಿಲೋಗ್ರಾಂ ತೂಕದ ಪೆಟ್ಟಿಗೆಯನ್ನು ಬಾಡಿಗೆಗೆ ತಂದ ಜಾಕಿನ ಮೇಲೆ ಕಟ್ಟಿ ಮೆಲ್ಲನೆ ಇಳಿಸಿದೆವು. ಮುಂಭಾಗದ ಕ್ಲಚ್ಚನ್ನು ತೆರೆದಾಗ ಅದರ ಬಿಲ್ಲೆಗಳ ಮೇಲ್ಪದರ ಕರಿಕಾಗಿ ಉದುರುತ್ತಿದ್ದಿತು. ಮಧ್ಯದ ಉಕ್ಕಿನ ಬಿಲ್ಲೆಗಳು ಕಾವಿನಿಂದ ನೀಲಿಗಟ್ಟಿದ್ದವು. ಅನುಮಾನವು ಪ್ರತ್ಯಕ್ಷದಿಂದ ದೃಢಪಟ್ಟಿತು. ಆದರೆ ಸುಟ್ಟ ಬಿಲ್ಲೆ ಕಾರ್ಯವೇ ಹೊರತು ಕಾರಣವಲ್ಲ. ಅದನ್ನು ಒತ್ತುವ ಪಿಸ್ಟನ್ನಿನ ರಬ್ಬರ್ ಸೀಲು ಒಣಗಿದ ಹುಣಸೆಸಿಪ್ಪೆಯಂತೆ ಸೆಟೆದಿದ್ದಿತು. ಸೀಲು ಸೋರಿದುದರಿಂದ ಎಣ್ಣೆಯ ಒತ್ತಡ ತಗ್ಗಿ, ಒತ್ತಡ ತಗ್ಗಿದುದರಿಂದ ಬಿಲ್ಲೆಗಳು ಜಾರಿ, ಜಾರಿದುದರಿಂದ ಸುಟ್ಟಿದ್ದವು. ಇದು ತಯಾರಿಸಿದವರ ತಪ್ಪಲ್ಲ, ಅರ್ಧ ಶತಮಾನ ಕಳೆದ ರಬ್ಬರಿನ ಮುಪ್ಪು. ಸೀಲನ್ನು ಬದಲಾಯಿಸದೆ ಬಿಲ್ಲೆಯನ್ನಷ್ಟೇ ಬದಲಾಯಿಸಿದರೆ ಹೊಸದೂ ಸುಡುವುದು ನಿಶ್ಚಯ.

ಬಿಚ್ಚಿದ ಭಾಗಗಳನ್ನು ಬಂದ ಕ್ರಮದಲ್ಲಿಯೇ ರಟ್ಟಿನ ಮೇಲೆ ಸಾಲಾಗಿಟ್ಟು ಪಟ್ಟಿ ಬರೆಯುವುದು ನಮ್ಮ ಪಾಲಿಗೆ ಬಂದಿತ್ತು. ಎಣ್ಣೆಗೈಯಿಂದಲೇ ಪುಸ್ತಕವನ್ನೂ ತಿರುವಿಹಾಕುತ್ತಿದ್ದೆವು. ಮೂರನೆಯ ವಾರ ಒಂದು ಪುಟವನ್ನು ತೆರೆದಾಗ ಅದರ ಅಂಚಿನಲ್ಲಿ ನಮ್ಮದೇ ಹೆಬ್ಬೆರಳಿನ ಕಪ್ಪು ಗುರುತು ಕಂಡಿತು. ನಮ್ಮ ಕೈ ಅಲ್ಲಿಯೇ ನಿಂತಿತು.

ನಾವು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತರಲ್ಲಿ ಒಬ್ಬ ಹುಡುಗ ಸಾಯಂಕಾಲ ಲಾರಿ ರಿಪೇರಿಯ ಕೊಟ್ಟಿಗೆಯಲ್ಲಿ ದುಡಿದು ಹಗಲು ಶಾಲೆಗೆ ಬರುತ್ತಿದ್ದನು. ತಂದೆಯಿಲ್ಲದ ಮನೆ. ಎಷ್ಟು ಉಜ್ಜಿದರೂ ಉಗುರಿನ ಸಂದಿನ ಮಸಿ ಹೋಗುತ್ತಿರಲಿಲ್ಲ. ಶಾಲೆಯ ಭಂಡಾರದಿಂದ ಪಂಚತಂತ್ರದ ಕನ್ನಡ ಪುಸ್ತಕವನ್ನು ಕೊಂಡುಹೋದವನು ಹಿಂದಕ್ಕೆ ತಂದಾಗ ಪುಟಪುಟದಲ್ಲಿಯೂ ಬೆರಳಿನ ಗುರುತಿದ್ದಿತು. ನಾವು ಅದನ್ನು ತರಗತಿಗೆಲ್ಲ ಎತ್ತಿ ತೋರಿಸಿ, “ಇದು ಪುಸ್ತಕ ಹಿಡಿಯತಕ್ಕ ಕೈಯಲ್ಲ” ಎಂದೆವು. ಮಕ್ಕಳು ನಕ್ಕರು. ಪುಟಪುಟದಲ್ಲಿಯೂ ಗುರುತಿರಬೇಕಾದರೆ ಅವನು ಪುಟಪುಟವನ್ನೂ ಓದಿರಬೇಕೆಂಬುದು ಅನ್ವಯವ್ಯತಿರೇಕವನ್ನು ಬೋಧಿಸುತ್ತಿದ್ದ ನಮಗೆ ಹೊಳೆಯಲಿಲ್ಲ. ಮರುವಾರದಿಂದ ಅವನು ಶಾಲೆಗೆ ಬರಲಿಲ್ಲ. ನಾವೂ ವಿಚಾರಿಸಲಿಲ್ಲ.

ಹೊಸ ಸೀಲು, ಬಿಲ್ಲೆ, ಬ್ಯಾಂಡುಗಳ ಕಟ್ಟು ಅಂಚೆಯಲ್ಲಿ ಬಂದಿತು. ಬಿಲ್ಲೆಗಳನ್ನು ಮೊದಲು ಎಣ್ಣೆಯಲ್ಲಿ ನೆನೆಹಾಕಬೇಕು. ಸೀಲುಗಳಿಗೆ ಜಿಡ್ಡು ಸವರಿ, ಅಂಚು ಮಡಚದಂತೆ ಕೂರಿಸಬೇಕು. ನೂಲು ಬಿಡುವ ಬಟ್ಟೆಯಿಂದ ಏನನ್ನೂ ಒರೆಸಕೂಡದು, ಏಕೆಂದರೆ ವಾಲ್ವುಗಳ ಸಂದಿನಲ್ಲಿ ಒಂದು ಎಳೆ ಸಿಕ್ಕಿದರೂ ಕೆಲಸ ಕೆಡುವುದು. ಕೂರಿಸಿದ ಕ್ಲಚ್ಚಿನೊಳಕ್ಕೆ ಗಾಳಿಯನ್ನು ಹಾಯಿಸಿದಾಗ ‘ಧಬ್’ ಎಂದು ಹಿಡಿದ ಸದ್ದು ಕೇಳಿ ನಾವಿಬ್ಬರೂ ಒಟ್ಟಿಗೆ ನಕ್ಕೆವು.

ಆದರೆ ಎಲ್ಲವನ್ನೂ ಜೋಡಿಸಿ ದಂಡದ ಸಡಿಲವನ್ನು ಅಳೆದಾಗ ನಗು ಉಡುಗಿತು. ಪುಸ್ತಕದ ಪ್ರಕಾರ ಅದು ಅಂಗುಲದ ಸಾವಿರ ಭಾಗಗಳಲ್ಲಿ ೮ಕ್ಕೆ ಕಡಮೆಯಾಗಕೂಡದು, ೪೨ಕ್ಕೆ ಮೀರಕೂಡದು. ಮುಳ್ಳು ೪೨ರ ಇಮ್ಮಡಿಯನ್ನೂ ದಾಟಿ ನಿಂತಿತು. ಒಳಗೆ ಎಲ್ಲೋ ಒಂದು ವಾಷರು ಇಲ್ಲ! ಪಟ್ಟಿಯನ್ನು ನೋಡಿದರೆ ಅದರಲ್ಲಿಯೂ ಇಲ್ಲ. ಬಿಚ್ಚುತ್ತಿದ್ದ ದಿನ ನಡುವೆ ಕಾಫಿಗೆ ಎದ್ದುಹೋದ ನಾವು ಹಿಂದಿರುಗಿ ಬಂದು ಒಂದು ಸಾಲನ್ನು ಬರೆಯದೆ ಬಿಟ್ಟಿದ್ದೆವು. ಹುಡುಕಿದಾಗ ಎಣ್ಣೆಯ ಜಿಡ್ಡಿಗೆ ತಟ್ಟೆಯ ತಳಕ್ಕೆ ಅಂಟಿಕೊಂಡು ಕುಳಿತಿದ್ದಿತು. ಒಂದು ವಿಸರ್ಗ ಬಿಟ್ಟರೆಂದು ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವರು ನಾವು. ಅಳಿಯಂದಿರು ಒಂದು ಮಾತನ್ನೂ ಆಡದೆ ಸ್ಪ್ಯಾನರನ್ನು ಎತ್ತಿಕೊಂಡು, “ಮತ್ತೆ ಬಿಚ್ಚೋಣ, ಮಾವ. ಈ ಸಲ ಬೇಗ ಆಗುತ್ತೆ” ಎಂದರು. ನಾವು ಎಂದಾದರೂ ಒಬ್ಬ ಹುಡುಗನಿಗೆ ಹಾಗೆ ಹೇಳಿದ್ದುಂಟೆ ಎಂದು ಅಂದು ರಾತ್ರಿ ಬಹಳ ಹೊತ್ತು ಯೋಚಿಸಿದೆವು.

ಎರಡನೆಯ ಸಲ ಅಳತೆ ಸರಿಬಂದಿತು. ಬ್ಯಾಂಡುಗಳ ಸ್ಕ್ರೂಗಳೆರಡನ್ನೂ ೧೦ ಅಡಿ-ಪೌಂಡಿನಷ್ಟು ಬಿಗಿದು, ನಡುವಣದನ್ನು ಒಂದೂ ಮುಕ್ಕಾಲು ಸುತ್ತು, ಹಿಂದಿನದನ್ನು ಮೂರು ಸುತ್ತು ಸಡಿಲಿಸಿ ಹೊಸ ನಟ್ಟಿನಿಂದ ಭದ್ರಪಡಿಸಿದೆವು. ಕನ್ವರ್ಟರು ಪಂಪಿನ ಗಾಲಿಯೊಳಕ್ಕೆ ಪೂರ್ತಿಯಾಗಿ ಇಳಿದಿದೆಯೆಂದು ನೋಡಿಕೊಂಡಲ್ಲದೆ ಬೋಲ್ಟುಗಳನ್ನು ಬಿಗಿಯಬಾರದು. ಬಲವಂತದಿಂದ ಎಳೆದರೆ ಪಂಪು ಒಡೆಯುವುದು. ಆ ಗಾಡಿಗೆ ಹೇಳಿದ ‘ಎಫ್’ ಜಾತಿಯ ಎಣ್ಣೆಯನ್ನೇ ತುಂಬಿ, ಹಳೆಯ ಎಣ್ಣೆಯನ್ನು ಮೋರಿಗೆ ಚೆಲ್ಲದೆ ಅದನ್ನು ಸ್ವೀಕರಿಸುವ ಅಂಗಡಿಗೆ ಒಪ್ಪಿಸಿದೆವು. ಆರನೆಯ ಶನಿವಾರ ಮಗಳು, ಮನೆಯವರು, ತೊಟ್ಟಿಲ ಕೂಸು ಎಲ್ಲರೂ ಬಾಗಿಲಿಗೆ ಬಂದು ನಿಂತಿರಲು ಗಾಡಿಯು ಹಿಂದಕ್ಕೆ ಸರಿದು ಬೀದಿಗಿಳಿಯಿತು. ಒಂದು, ಎರಡು, ಮೂರು. ಎಲ್ಲಿಯೂ ಜಾರಲಿಲ್ಲ.

ಊರಿಗೆ ಬಂದ ಮೇಲೆ ತಿಪಟೂರಿನ ರಸ್ತೆಯಲ್ಲಿ ವಿಚಾರಿಸುತ್ತ ಹೋಗಿ ಆ ಹುಡುಗನ ಕೊಟ್ಟಿಗೆಯನ್ನು ಕಂಡುಹಿಡಿದೆವು. ಹುಡುಗನೇನು, ತಲೆ ನರೆತ ಯಜಮಾನ. ಕೈಕೆಳಗೆ ನಾಲ್ಕು ಜನ. ಗುರುತು ಹಿಡಿದು ನಮಸ್ಕರಿಸಬಂದವನು ಮಸಿಗೈಯನ್ನು ನೋಡಿಕೊಂಡು ಹಿಂಜರಿದನು. ನಾವು ಆ ಕೈಯನ್ನು ಎರಡೂ ಕೈಗಳಿಂದ ಹಿಡಿದು ಹೇಳಬೇಕಾದುದನ್ನು ಹೇಳಿದೆವು.

“ಬಿಡಿ ಮೇಷ್ಟ್ರೇ, ಯಾವ ಕಾಲದ ಮಾತು!” ಎಂದನು. ಸ್ವಲ್ಪ ಹೊತ್ತಿನ ಮೇಲೆ, “ಆ ಪುಸ್ತಕಾನ ಆಮೇಲೆ ನಾನೇ ಒಂದು ಕೊಂಡುಕೊಂಡೆ. ಮನೇಲಿದೆ” ಎಂದನು.

ಸ್ಟೂಲು ಹಾಕಿಸಿ ಚಹಾ ತರಿಸಿದನು. ಆ ಬಗೆಯ ಪೆಟ್ಟಿಗೆಯನ್ನು ತಾನು ಬಿಚ್ಚಿಲ್ಲವೆಂದೂ ಹೇಗಿರುತ್ತದೆಂದು ತೋರಿಸಬೇಕೆಂದೂ ಕೇಳಿದನು. ನಾವು ಸಿಮೆಂಟು ಚೀಲದ ಕಾಗದದ ಮೇಲೆ ಸೂರ್ಯನನ್ನೂ ಗ್ರಹಗಳನ್ನೂ ಬರೆದು, ತಿರುಗುವ ದಿಕ್ಕಿಗೆ ಬಾಣಗಳನ್ನು ಹಾಕಿದೆವು. ಅವನು ಬಗ್ಗಿ ನೋಡಿ, ತುಸು ತಡೆದು, “ಮೇಷ್ಟ್ರೇ, ಹಲ್ಲಿಗೆ ಹಲ್ಲು ಕೊಟ್ಟಿರೋವಾಗ ಈ ಚಿಕ್ಕದು ದೊಡ್ಡದಕ್ಕೆ ಎದುರು ತಿರುಗಬೇಕಲ್ವೆ? ಬಾಣ ಹಿಂದುಮುಂದು ಆಗಿದೆ” ಎಂದನು.

ನೋಡಿದೆವು. ಹಿಂದುಮುಂದೇ ಆಗಿದ್ದಿತು. ಪೆನ್ಸಿಲನ್ನು ಅವನ ಕೈಗೆ ಕೊಟ್ಟೆವು.