ಗುರಿ ತಪ್ಪಿದ ಗುಂಡಿಗೆ ಯಾರು ಹೊಣೆ?

2021ರ ಡಿಸೆಂಬರ್ 30ರಂದು ತಮಿಳುನಾಡಿನ ಪುದುಕೋಟ್ಟೈ ಜಿಲ್ಲೆಯ ನಾರ್ತಾಮಲೈನಲ್ಲಿ, ಅಜ್ಜನ ಮನೆಯಲ್ಲಿದ್ದ ಹನ್ನೊಂದು ವರ್ಷದ ಬಾಲಕನ ತಲೆಗೆ ಗುಂಡೊಂದು ತಗುಲಿತು. ಸಮೀಪದ ಪಸುಮಲೈಪಟ್ಟಿಯ ಶೂಟಿಂಗ್ ರೇಂಜ್‌ನಲ್ಲಿ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ತರಬೇತಿ ನಡೆದಿತ್ತು. ಜನವರಿ 3ರಂದು ಬಾಲಕ ಅಸುನೀಗಿದ. ರಾಜ್ಯ ಸರ್ಕಾರ 10 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು.

ಇಂಥ ಪರಿಹಾರ ಅನುಕಂಪದ ಮಾತು. ಕಾನೂನಿನ ಹೊಣೆಗಾರಿಕೆಯ ಮಾತು ಬೇರೆ. ನಿರ್ಲಕ್ಷ್ಯದಿಂದಾದ ಸಾವಿಗೆ ಹಳೆಯ ದಂಡ ಸಂಹಿತೆಯಲ್ಲಿ ಗರಿಷ್ಠ ಎರಡು ವರ್ಷವಿದ್ದ ಸಜೆಯು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂನಡಿ ಐದು ವರ್ಷಕ್ಕೇರಿದೆ. ಆದರೆ ಯಾವ ಕೋವಿಯ ಗುಂಡೆಂಬುದು ಪತ್ತೆಯಾದರೂ ಪ್ರಶ್ನೆ ಉಳಿಯುತ್ತದೆ: ತಪ್ಪು ಗುಂಡು ಹಾರಿಸಿದವನದೋ, ಜನವಸತಿಯ ಬಳಿ ಅಭ್ಯಾಸಕ್ಕೆ ಅನುಮತಿ ಇತ್ತವರದೋ?

1986ರಲ್ಲಿ ದೆಹಲಿಯ ಓಲಿಯಂ ಅನಿಲ ಸೋರಿಕೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ದಾರಿ ತೋರಿದೆ. ಅಪಾಯಕಾರಿ ಉದ್ಯಮ ನಡೆಸುವವರು, ಎಲ್ಲ ಎಚ್ಚರಿಕೆ ವಹಿಸಿದ್ದೆವೆಂಬ ಸಮಜಾಯಿಷಿ ನೀಡಿ ನಷ್ಟಭರ್ತಿಯಿಂದ ಪಾರಾಗುವಂತಿಲ್ಲ ಎಂಬುದು ಆ ತೀರ್ಪಿನ ಸಾರ. ಗುಂಡಿನ ಅಭ್ಯಾಸವೂ ಅಪಾಯಕಾರಿಯೇ. ರೇಂಜ್ ಸರ್ಕಾರದ್ದಾಗಲಿ, ಕ್ರೀಡಾ ಕ್ಲಬ್ಬಿನದಾಗಲಿ, ಗುಂಡು ಅದರ ಎಲ್ಲೆ ದಾಟಿತೆಂಬುದೊಂದೇ ನಷ್ಟಭರ್ತಿಗೆ ಸಾಕಾದ ಸಾಕ್ಷ್ಯವಾಗಬೇಕು. ನಿರ್ಲಕ್ಷ್ಯವನ್ನು ರುಜುವಾತುಪಡಿಸುವ ಭಾರವನ್ನು ಮಗುವನ್ನು ಕಳೆದುಕೊಂಡವರ ಹೆಗಲಿಗೇರಿಸುವುದು ನ್ಯಾಯವಲ್ಲ.