ಮರುಭೂಮಿಗೆ ವಿಮಾನದಲ್ಲಿ ಬಂದ ದನಗಳು: ಹಾಲು ಸಿಕ್ಕಿತು, ನೀರು ಎಲ್ಲಿಂದ?

2017ರ ಜೂನ್ 5. ರಮಝಾನ್ ತಿಂಗಳು. ಸೌದಿ ಅರೇಬಿಯಾ, ಯುಎಇ, ಬಹರೈನ್ ಮತ್ತು ಈಜಿಪ್ಟ್ ಒಂದೇ ದಿನ ಕತಾರ್ ಜೊತೆಗಿನ ಸಂಬಂಧ ಕಡಿದುಕೊಂಡವು. ಕತಾರಿಗೆ ಇರುವ ಭೂಗಡಿ ಒಂದೇ, ಅದು ಸೌದಿಯ ಕಡೆಗೆ. ಆ ಗಡಿ ಮುಚ್ಚಿದ ಕೂಡಲೇ ಹಾಲು, ಮೊಸರು, ಲಬನ್ ತರುತ್ತಿದ್ದ ಲಾರಿಗಳು ನಿಂತು ಹೋದವು. ಆಗ ದೋಹಾದಲ್ಲಿದ್ದ ನಮ್ಮೂರಿನವರನ್ನು ಕೇಳಿ ನೋಡಿ, ಸೂಪರ್ ಮಾರ್ಕೆಟ್‌ಗಳಲ್ಲಿ ಹಾಲಿನ ಕಪಾಟು ಹೇಗೆ ಖಾಲಿಯಾಯಿತು ಅಂತ ಹೇಳುತ್ತಾರೆ.

ಜಗತ್ತಿನ ಅತಿ ಶ್ರೀಮಂತ ದೇಶಗಳಲ್ಲಿ ಒಂದಕ್ಕೆ ಆ ದಿನ ಒಂದು ಪಾಠ ಸಿಕ್ಕಿತು: ಕೈಯಲ್ಲಿ ದುಡ್ಡಿದ್ದರೆ ಸಾಲದು, ಬೇಕಾದಾಗ ಊಟ ಸಿಗಬೇಕು. ಆಹಾರ ಭದ್ರತೆ ಅಂದರೆ ಇದೇ.

ಮೊದಲು ಟರ್ಕಿ ಮತ್ತು ಇರಾನಿನಿಂದ ಆಹಾರ ಬಂತು. ಜುಲೈಯಲ್ಲಿ ಯುರೋಪಿನಿಂದ ವಿಮಾನದಲ್ಲಿ 165 ಹೋಲ್‌ಸ್ಟೀನ್ ದನಗಳು ಬಂದಿಳಿದವು. ಆಮೇಲೆ ಇನ್ನಷ್ಟು ವಿಮಾನಗಳು, ಹಡಗುಗಳು ಬಂದವು. ದೋಹಾದ ಉತ್ತರಕ್ಕಿರುವ ಬಲದ್ನಾ ಫಾರ್ಮ್‌ನಲ್ಲಿ ದನಗಳ ಸಂಖ್ಯೆ 20,000 ದಾಟಿತು. ಒಂದೇ ವರ್ಷದಲ್ಲಿ ತಾಜಾ ಹಾಲಿನ ವಿಷಯದಲ್ಲಿ ಕತಾರ್ ತನ್ನ ಕಾಲ ಮೇಲೆ ನಿಂತಿತು. 2019ರಲ್ಲಿ ರಫ್ತೂ ಶುರುವಾಯಿತು.

ಇದು ದೊಡ್ಡ ಸಾಧನೆಯೇ. ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ.

ಚಳಿ ದೇಶದ ಈ ದನ 45 ಡಿಗ್ರಿ ಬಿಸಿಲಲ್ಲಿ ಬದುಕಬೇಕಾದರೆ ಕೊಟ್ಟಿಗೆಯಲ್ಲಿ ದೊಡ್ಡ ದೊಡ್ಡ ಫ್ಯಾನ್ ತಿರುಗಬೇಕು, ನೀರಿನ ತುಂತುರು ಬೀಳುತ್ತಲೇ ಇರಬೇಕು. ಹಾಲು ಕೊಡುವ ದನ ಬೇಸಿಗೆಯಲ್ಲಿ ದಿನಕ್ಕೆ 100 ಲೀಟರಿಗಿಂತ ಹೆಚ್ಚು ನೀರು ಕುಡಿಯುತ್ತದೆ. ಕತಾರಿನಲ್ಲಿ ನದಿ ಇಲ್ಲ, ವರ್ಷಕ್ಕೆ ಬೀಳುವ ಮಳೆ 100 ಮಿ.ಮೀ. ಕೂಡ ಇಲ್ಲ. ಕುಡಿಯುವ ನೀರು ಹೆಚ್ಚು ಕಡಿಮೆ ಎಲ್ಲವೂ ಸಮುದ್ರದ ನೀರಿನ ಉಪ್ಪು ತೆಗೆದು ಮಾಡಿದ್ದು.

ಆದರೂ ದನ ಕುಡಿಯುವ ನೀರು ಸಣ್ಣ ಲೆಕ್ಕ. ದೊಡ್ಡ ಲೆಕ್ಕ ಮೇವಿನದ್ದು. ಒಂದು ಲೀಟರ್ ಹಾಲಿನ ಹಿಂದೆ ಸುಮಾರು 1,000 ಲೀಟರ್ ನೀರು ಇದೆ ಎಂಬುದು ಜಾಗತಿಕ ಸರಾಸರಿಯ ಅಂದಾಜು. ಅದರಲ್ಲಿ ಬಹುಪಾಲು ಮೇವು ಬೆಳೆಯಲಿಕ್ಕೇ ಹೋಗುತ್ತದೆ.

ಸೌದಿ ಇದನ್ನು ಅನುಭವದಿಂದ ಕಲಿತಿದೆ. 1980ರ ದಶಕದಲ್ಲಿ ಅಲ್ಲಿ ಸಾವಿರಾರು ವರ್ಷ ಹಿಂದಿನ ಅಂತರ್ಜಲವನ್ನು ಎತ್ತಿ ಮರಳಲ್ಲಿ ಗೋಧಿ ಬೆಳೆದರು, ರಫ್ತು ಕೂಡ ಮಾಡಿದರು. ಆ ನೀರು ಮಳೆಯಿಂದ ಮತ್ತೆ ತುಂಬುವಂಥದ್ದಲ್ಲ. ಕೊನೆಗೆ 2008ರಲ್ಲಿ ಗೋಧಿ ಬೆಳೆ ಕಡಿಮೆ ಮಾಡುವ ತೀರ್ಮಾನವಾಯಿತು. ಆಮೇಲೆ ಹಸಿರು ಮೇವಿಗೂ ಕಡಿವಾಣ ಬಿತ್ತು. ಅಲ್ಲಿನ ಡೈರಿ ಕಂಪೆನಿ ಅಲ್ಮರಾಯ್ 2014ರಲ್ಲಿ ಅಮೆರಿಕದ ಅರಿಝೋನಾದಲ್ಲಿ ಜಮೀನು ಖರೀದಿಸಿ, ಕುದುರೆಮೆಂತೆ ಬೆಳೆದು, ಒಣಗಿಸಿ ಹಡಗಿನಲ್ಲಿ ತರಿಸಿತು. ಅಂದರೆ ಹುಲ್ಲಿನ ರೂಪದಲ್ಲಿ ನೀರನ್ನೇ ಆಮದು ಮಾಡಿಕೊಂಡ ಹಾಗಾಯಿತು. ಆದರೆ ಅರಿಝೋನಾ ಕೂಡ ಒಣ ನಾಡೇ. ಅಲ್ಲಿನ ಜನ ತಕರಾರು ಎತ್ತಿದರು. 2023ರಲ್ಲಿ ರಾಜ್ಯ ಸರಕಾರ ತನ್ನ ಜಮೀನಿನ ಒಂದು ಗುತ್ತಿಗೆ ರದ್ದು ಮಾಡಿತು, ಇನ್ನು ಮೂರನ್ನು ನವೀಕರಿಸುವುದಿಲ್ಲ ಎಂದಿತು.

ಹಾಗಾದರೆ ದಾರಿ ಏನು? ಶುದ್ಧೀಕರಿಸಿದ ಕೊಳಚೆ ನೀರಲ್ಲಿ ಮೇವು ಬೆಳೆಯುವುದು, ಒಂದೇ ದೇಶವನ್ನು ನಂಬದೆ ನಾಲ್ಕು ಕಡೆಯಿಂದ ತರಿಸುವುದು, ದಾಸ್ತಾನು ಇಡುವುದು, ಬಿಸಿಲು ತಾಳುವ ಒಂಟೆ-ಆಡುಗಳಿಗೆ ಬೆಲೆ ಕೊಡುವುದು. ಇವೆಲ್ಲ ಒಟ್ಟಿಗೆ ಆಗಬೇಕು. ಯಾವುದೂ ಒಂದೇ ಸಾಲದು.

ಕಾಸರಗೋಡಿನಿಂದ ಉಡುಪಿಯವರೆಗೆ ನಮ್ಮ ಎಷ್ಟೋ ಮನೆಗಳ ಅನ್ನ ಗಲ್ಫಿನಿಂದ ಬರುತ್ತದೆ. ಆ ನೆಲದ ಅನ್ನ ಎಲ್ಲಿಂದ ಬರುತ್ತದೆ ಎಂಬುದೂ ನಮಗೆ ಗೊತ್ತಿರಬೇಕು. ಅಲ್ಲಿ 100 ಮಿ.ಮೀ. ಮಳೆಯೂ ಇಲ್ಲದವರು ಹನಿ ಹನಿಗೂ ಲೆಕ್ಕ ಇಡುತ್ತಿದ್ದಾರೆ. 3,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಊರಲ್ಲಿದ್ದುಕೊಂಡು ನಾವು ಮೇ ತಿಂಗಳಲ್ಲಿ ಟ್ಯಾಂಕರ್ ಕಾಯುತ್ತೇವೆ. ಲೆಕ್ಕ ಕಲಿಯಬೇಕಾದವರು ಯಾರು?