ಕಡಲಕಳೆ ತಿಂದ ಹಸು ಹೆಚ್ಚು ಹಾಲು ಕೊಡುತ್ತದೆಯೇ?



ಹೋದ ತಿಂಗಳು ಒಂದು ಮಹಿಳಾ ಸಂಘದಲ್ಲಿ ಸಂಜೆ ಹಾಲು ಹಾಕುವ ಹೊತ್ತಿಗೆ ಒಬ್ಬ ಅಕ್ಕ ಚೀಲದಿಂದ ಪುಡಿಯ ಪೊಟ್ಟಣ ತೆಗೆದು ತೋರಿಸಿದರು. "ಮೇಡಂ, ಇದು ಸಮುದ್ರದ ಪಾಚಿಯಂತೆ. ದಿನಾ ಎರಡು ಚಮಚ ಹಾಕಿದ್ರೆ ಹಾಲು ಜಾಸ್ತಿ ಆಗುತ್ತೆ ಅಂತ ಮೊಬೈಲಲ್ಲಿ ಬಂದಿತ್ತು. 600 ರೂಪಾಯಿ ಕೊಟ್ಟೆ. ಹಾಕ್ಲಾ?" ಪೊಟ್ಟಣದ ಮೇಲೆ ಹಸುವಿನ ಚಿತ್ರ ಬಿಟ್ಟರೆ ಯಾವ ಪಾಚಿ, ಅಯೋಡಿನ್ ಎಷ್ಟು, ಯಾರು ಮಾಡಿದ್ದು, ಏನೂ ಇರಲಿಲ್ಲ. ಅವತ್ತು ಗಡಿಬಿಡಿಯಲ್ಲಿ "ಬೇಡಮ್ಮ" ಎಂದಷ್ಟೇ ಹೇಳಿ ಬಂದೆ. ಯಾಕೆ ಬೇಡ ಎಂದು ಈಗ ಹೇಳುತ್ತೇನೆ.

ಆ ಸುದ್ದಿಯಲ್ಲಿ ಅರ್ಧ ನಿಜ ಇದೆ. ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಜೋ ಡೋರ್ಗನ್ ಎಂಬ ರೈತರಿದ್ದಾರೆ. ಕಡಲ ದಡದಲ್ಲಿ ಮೇಯ್ದು, ಅಲೆ ತಂದು ಹಾಕಿದ ಕಡಲಕಳೆ ತಿನ್ನುವ ತಮ್ಮ ದನಗಳು ಉಳಿದ ದನಗಳಿಗಿಂತ ಚೆನ್ನಾಗಿವೆ ಎಂದು ಅವರಿಗೆ ಕಂಡಿತು. ರಾಬ್ ಕಿನ್ಲೆ ಎಂಬ ವಿಜ್ಞಾನಿ ಅದನ್ನು ಪರೀಕ್ಷೆಗೆ ಒಡ್ಡಿದಾಗ, ಕಡಲಕಳೆಯಿಂದ ದನದ ಹೊಟ್ಟೆಯ ಮೀಥೇನ್ ಅನಿಲ ಕಡಿಮೆಯಾಗುತ್ತದೆ ಎಂದು ತಿಳಿಯಿತು. ದನವನ್ನು ದಿನಾ ಕಣ್ಣಿಟ್ಟು ನೋಡುವವರಿಂದಲೇ ಈ ಸಂಶೋಧನೆ ಹುಟ್ಟಿತು ಎನ್ನುವುದು ನನಗೆ ಬಹಳ ಇಷ್ಟ.

ಹಸು ಮೆಲುಕು ಹಾಕುವಾಗ ತೇಗುತ್ತದಲ್ಲ, ಆ ತೇಗಿನಲ್ಲೇ ಮೀಥೇನ್ ಹೊರಗೆ ಹೋಗುವುದು. ದೊಡ್ಡ ಹೊಟ್ಟೆಯಲ್ಲಿ ಮೇವು ಹುಳಿಯುವಾಗ ಸೂಕ್ಷ್ಮಜೀವಿಗಳು ಅದನ್ನು ತಯಾರಿಸುತ್ತವೆ. ಭೂಮಿ ಬಿಸಿಯಾಗುವುದಕ್ಕೆ ಅದೂ ಒಂದು ಕಾರಣ. ಅದಿರಲಿ, ನೀವು ದುಡ್ಡು ಕೊಟ್ಟು ಹಾಕಿದ ಹಿಂಡಿ, ಬೂಸಾದ ಶಕ್ತಿಯಲ್ಲೂ ಒಂದು ಪಾಲು ಹಾಗೆ ಗಾಳಿಗೆ ಹೋಗುತ್ತದೆ.

ಮುಂದೆ ಆಸ್ಟ್ರೇಲಿಯಾದಲ್ಲಿ ಹಲವು ಕಡಲಕಳೆಗಳನ್ನು ಹೋಲಿಸಿ ನೋಡಿದಾಗ ಆಸ್ಪರಾಗಾಪ್ಸಿಸ್ ಎಂಬ ಕೆಂಪು ಕಡಲಕಳೆ ಎಲ್ಲವನ್ನೂ ಮೀರಿಸಿತು. ಅದರಲ್ಲಿರುವ ಬ್ರೋಮೋಫಾರ್ಮ್ ಎಂಬ ರಾಸಾಯನಿಕ ಮೀಥೇನ್ ತಯಾರಿಯನ್ನೇ ತಡೆಯುತ್ತದೆ. ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಮಾಂಸದ ತಳಿಯ ಹೋರಿಗಳಿಗೆ 147 ದಿನ ತಿನ್ನಿಸಿದಾಗ ಮೀಥೇನ್ ಶೇ. 80ಕ್ಕೂ ಹೆಚ್ಚು ಇಳಿಯಿತು. 2021ರಲ್ಲಿ ಪ್ರಕಟವಾದ ಫಲಿತಾಂಶ ಇದು.

ಆದರೆ ಕರೆಯುವ ಹಸುಗಳ ಕಥೆ ಬೇರೆ. ಅದೇ ವಿಶ್ವವಿದ್ಯಾಲಯದವರು 12 ಎಚ್‌ಎಫ್ ಹಸುಗಳಿಗೆ ಮೇವಿನ ಶೇ. 1ರಷ್ಟು ಈ ಕಡಲಕಳೆ ಬೆರೆಸಿದರು. ಹಾಲಿನ ಲೆಕ್ಕದಲ್ಲಿ ಮೀಥೇನ್ ಶೇ. 67 ಇಳಿಯಿತು, ನಿಜ. ಜೊತೆಗೆ ಹಸುಗಳು ಮೇವು ತಿನ್ನುವುದು ಶೇ. 38 ಕಡಿಮೆಯಾಯಿತು, ಹಾಲು ಶೇ. 11ಕ್ಕಿಂತ ಹೆಚ್ಚು ಕುಸಿಯಿತು. ದಿನಕ್ಕೆ 10 ಲೀಟರ್ ಹಾಕುವ ಮನೆಗೆ ಅಂದರೆ ಒಂದು ಲೀಟರ್‌ಗೂ ಹೆಚ್ಚು ನಷ್ಟ. ಕಡಲಕಳೆಯ ಅಯೋಡಿನ್ ಹಾಲಿಗೂ ಬರುತ್ತದೆ. ಸ್ವಲ್ಪ ಬೇಕು, ಅತಿಯಾದರೆ ಕುಡಿಯುವ ಮಕ್ಕಳ ಥೈರಾಯ್ಡ್‌ಗೆ ತೊಂದರೆ. ನೆದರ್ಲೆಂಡ್ಸ್‌ನ ಒಂದು ಪ್ರಯೋಗದಲ್ಲಿ ಹಾಲಿನಲ್ಲಿ ಬ್ರೋಮೋಫಾರ್ಮ್ ಕೂಡ ಕಾಣಿಸಿಕೊಂಡಿತು.

ಸ್ಕಾಟ್ಲೆಂಡ್‌ನ ನಾರ್ತ್ ರೊನಾಲ್ಡ್‌ಸೇ ದ್ವೀಪದ ಕುರಿಗಳು ಕಡಲಕಳೆ ತಿಂದೇ ಬದುಕುತ್ತವಲ್ಲ ಎಂದು ಕೇಳಬಹುದು. ಹೊಲಕ್ಕೆ ನುಗ್ಗದಂತೆ 1832ರಲ್ಲಿ ಗೋಡೆ ಕಟ್ಟಿ ಅವನ್ನು ದಡಕ್ಕೆ ಅಟ್ಟಿದ್ದರು. ತಲೆತಲಾಂತರದಿಂದ ಅವುಗಳ ಮೈ ಅದಕ್ಕೆ ಒಗ್ಗಿದೆ. ಎಷ್ಟರಮಟ್ಟಿಗೆ ಎಂದರೆ, ಮಾಮೂಲಿ ಹುಲ್ಲು ಕೊಟ್ಟರೆ ಅದರ ತಾಮ್ರವೇ ಅವಕ್ಕೆ ವಿಷವಾಗಬಹುದು!

ಹಾಗೆಂದು ಕಡಲಕಳೆ ಕೆಟ್ಟದ್ದಲ್ಲ. ನೀವು ಪುಡ್ಡಿಂಗ್‌ಗೆ ಹಾಕುವ ಚೈನಾ ಗ್ರಾಸ್ ಕಡಲಕಳೆಯದ್ದೇ. ತಮಿಳುನಾಡಿನ ಮನ್ನಾರ್ ಕೊಲ್ಲಿಯಲ್ಲಿ ಮುಳುಗಿ ಅದನ್ನು ಕಿತ್ತು ತರುವವರಲ್ಲಿ ಬಹಳಷ್ಟು ಜನ ನಿಮ್ಮಂಥ ಹೆಂಗಸರೇ.

ಮೀಥೇನ್ ತಗ್ಗಿಸಲು ನಮ್ಮಲ್ಲೂ ಕೆಲಸ ನಡೆದಿದೆ. ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಸಂಸ್ಥೆ ಟ್ಯಾನಿನ್ ಇರುವ ಸಸ್ಯಗಳಿಂದ 'ಹರಿತ್ ಧಾರಾ' ಎಂಬ ಪೂರಕ ತಯಾರಿಸಿದೆ. ಅದು ಮೀಥೇನನ್ನು ಶೇ. 17ರಿಂದ 20ರಷ್ಟು ತಗ್ಗಿಸುತ್ತದೆ ಎಂದು ಸಂಸ್ಥೆ ಹೇಳಿದೆ.

ಸದ್ಯಕ್ಕೆ 600 ರೂಪಾಯಿ ಕೈಯಲ್ಲಿದ್ದರೆ ಸಂಘದಲ್ಲಿ ಸಿಗುವ ಖನಿಜ ಮಿಶ್ರಣ ತೆಗೆದುಕೊಳ್ಳಿ. ಬರೀ ರಾಗಿ ಹುಲ್ಲು ಹಾಕದೆ ಹಸಿರು ಮೇವನ್ನೂ ಕತ್ತರಿಸಿ ಬೆರೆಸಿ. ತಿಂದದ್ದು ಚೆನ್ನಾಗಿ ಜೀರ್ಣವಾಗಿ ಹಾಲು ಹೆಚ್ಚಿದರೆ ಲೀಟರ್ ಲೆಕ್ಕದಲ್ಲಿ ಮೀಥೇನ್ ತಾನಾಗಿ ಇಳಿಯುತ್ತದೆ. ಹೊಸ ಪುಡಿ ಯಾರಾದರೂ ಮನೆ ಬಾಗಿಲಿಗೆ ತಂದರೆ ಪೊಟ್ಟಣ ಒಡೆಯುವ ಮೊದಲು ನನಗೆ ತೋರಿಸಿ. ಆ ಅಕ್ಕನ ಪೊಟ್ಟಣ ಈಗಲೂ ನನ್ನ ಮೇಜಿನ ಮೇಲೇ ಇದೆ.